ಊರಿಂದೂರಿಗೆ ಕಾಲುದಾರಿ

ಹಳಗನ್ನಡದಲ್ಲಿ ದಾರಿಗೆ ‘ಬಟ್ಟೆ’ ಎಂಬ ಮಾತಿತ್ತು. ಇಂದು ಆ ಮಾತನ್ನು ಕೇಳಿದರೆ ಉಡುವ ಬಟ್ಟೆಯ ಹೊರತು ಬೇರೊಂದು ಯಾರ ನೆನಪಿಗೂ ಬಾರದು. ನುಡಿಯಲ್ಲಿ ಹೀಗೆ ಪದಗಳ ಅರ್ಥ ಸವೆಯುವುದು ಸಹಜ. ಆದರೆ ನೆಲದ ಮೇಲೂ ಆ ಬಟ್ಟೆಗಳು ಅಳಿಯುತ್ತಿರುವುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಬದುವಿನ ಮೇಲೆ, ಕೆರೆಯ ಏರಿಯ ಮೇಲೆ, ಹಳ್ಳದ ದಂಡೆ ಹಿಡಿದು ಒಂದೂರಿನಿಂದ ಇನ್ನೊಂದೂರಿಗೆ ಹೋಗುತ್ತಿದ್ದ ಕಾಲುದಾರಿಗಳು ಎಷ್ಟೋ ಕಡೆ ಮುಳ್ಳುಪೊದೆಯಲ್ಲಿ ಮುಚ್ಚಿಹೋಗಿವೆ. ಇಲ್ಲವೆ ಯಾರದೋ ತಂತಿಬೇಲಿಯ ಒಳಗೆ ಸೇರಿವೆ.

ಡಾಂಬರು ರಸ್ತೆ ಬಂದಿತು, ಬಸ್ಸು ಬಂದಿತು, ಮೋಟಾರು ಸೈಕಲ್ಲು ಬಂದಿತು. ಇನ್ನು ಕಾಲುದಾರಿ ಏತಕ್ಕೆ ಎಂದು ನೀವು ಕೇಳಬಹುದು. ಬಂದದ್ದೆಲ್ಲ ಒಳ್ಳೆಯದೇ. ಆದರೆ ಮೋಟಾರು ಸೈಕಲ್ಲು ಮನೆಯಲ್ಲಿ ಒಬ್ಬರ ಕೈಯಲ್ಲಿರುತ್ತದೆ. ಅವರು ಹೊರಟುಹೋದ ಮೇಲೆ ಉಳಿದವರು ನಡೆಯಲೇಬೇಕು. ಶಾಲೆಯ ಮಕ್ಕಳು, ಹುಲ್ಲುಹೊರೆ ಹೊತ್ತ ಹೆಂಗಸರು, ಸಂತೆಗೆ ಹೋಗುವ ಮುದುಕರು, ಕೂಲಿಗೆ ಹೋಗುವವರು, ಇವರೆಲ್ಲರಿಗೂ ರಸ್ತೆಯ ದಾರಿ ಸುತ್ತು. ಅದರ ಅಂಚು ಕಿರಿದು. ಬರುವ ಹೋಗುವ ಲಾರಿಗಳ ಭಯ ಬೇರೆ.

ಮಕ್ಕಳ ಶಿಕ್ಷಣದ ಹಕ್ಕಿನ ೨೦೦೯ರ ಕಾಯಿದೆಯನ್ನು ಅನುಸರಿಸಿ ಮಾಡಿದ ಕೇಂದ್ರದ ನಿಯಮಗಳು, ೫ನೆಯ ತರಗತಿಯವರೆಗಿನ ಮಕ್ಕಳಿಗೆ ೧ ಕಿಲೋಮೀಟರಿನ ನಡಿಗೆಯೊಳಗೂ, ೬ರಿಂದ ೮ನೆಯ ತರಗತಿಯವರಿಗೆ ೩ ಕಿಲೋಮೀಟರಿನ ನಡಿಗೆಯೊಳಗೂ ಶಾಲೆ ಇರಬೇಕೆನ್ನುತ್ತವೆ. ಅಂದರೆ ಮಗು ನಡೆದೇ ಬರುವುದೆಂದು ಕಾಯಿದೆ ಭಾವಿಸಿದೆ. ಆದರೆ ನಡೆದು ಬರುವ ದಾರಿ ಎಲ್ಲಿದೆ? ಹೈಸ್ಕೂಲು ಸಾಮಾನ್ಯವಾಗಿ ಇದಕ್ಕಿಂತಲೂ ದೂರ. ನನ್ನಂಥ ಉಪಾಧ್ಯಾಯನು ಮಳೆಗಾಲದ ಹಾಜರಿ ಪುಸ್ತಕವನ್ನು ತೆರೆದರೆ ಸಾಕು, ಯಾವ ಊರಿನ ದಾರಿ ಕೆಟ್ಟಿದೆಯೆಂಬುದು ತಿಳಿದುಹೋಗುತ್ತದೆ.

ನೆರೆಹೊರೆಯ ಹಳ್ಳಿಗಳನ್ನು ಕೂಡಿಸುವ ಕಾಲುದಾರಿಯೊಂದನ್ನು ಊರವರೇ ಸೇರಿ ಹೇಗೆ ಮಾಡಿಕೊಳ್ಳಬಹುದು, ಅದಕ್ಕೆ ಏನೇನು ಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಪಟ್ಟಣದಲ್ಲಿ ಕುಳಿತ ನಿಮಗೆ ಹಳ್ಳಿಯ ದಾರಿಯ ಮಾತೇಕೆ ಎಂಬ ಸಂದೇಹ ಬಂದೀತು. ಅದಕ್ಕೂ ಕಾರಣವುಂಟು, ಸ್ವಲ್ಪ ಮುಂದೆ ಹೇಳುತ್ತೇನೆ. ಮೊದಲು ಈ ಕೆಲಸವನ್ನು ಮಾಡಿ ತೋರಿಸಿದ ಒಂದು ನಾಡಿನ ಕಥೆಯನ್ನು ಕೇಳಿ.

ಒಂದು ದ್ವೀಪದ ಓಣಿಗಳು

ದಕ್ಷಿಣ ಕೊರಿಯಾ ದೇಶದ ತೆಂಕಣ ಸಮುದ್ರದಲ್ಲಿ ಜೇಜು ಎಂಬ ದ್ವೀಪವಿದೆ. ಜ್ವಾಲಾಮುಖಿ ಕಾರಿದ ಕಲ್ಲಿನಿಂದ ಆದ ನೆಲ. ನಡುವೆ ಹಲ್ಲಾ ಪರ್ವತ, ಅದರ ತಪ್ಪಲಿನಲ್ಲಿ ಹುಲ್ಲುಗಾವಲು, ಕೆಳಗೆ ಕಿತ್ತಳೆಯ ತೋಟಗಳು, ಸುತ್ತ ಬೆಸ್ತರ ಹಳ್ಳಿಗಳು. ಗಾಳಿ, ಕಲ್ಲು, ಹೆಂಗಸರು, ಈ ಮೂರೂ ತಮ್ಮಲ್ಲಿ ಹೇರಳವೆಂದು ಅಲ್ಲಿಯವರ ಹಳೆಯ ಮಾತು. ಬೀಸುವ ಗಾಳಿಯನ್ನು ತಡೆಯಲು ಅವರು ಕಪ್ಪುಕಲ್ಲನ್ನು ಪೇರಿಸಿ ಗೋಡೆ ಕಟ್ಟುತ್ತಾರೆ. ಬೀದಿಯಿಂದ ಮನೆಯ ಅಂಗಳದವರೆಗೆ ಇಂಥ ಗೋಡೆಗಳ ನಡುವೆ ಡೊಂಕಾಗಿ ಸಾಗುವ ಓಣಿಗೆ ಅವರ ನುಡಿಯಲ್ಲಿ ‘ಒಲ್ಲೆ’ ಎಂದು ಹೆಸರು.

ಕನ್ನಡದ ಕಿವಿಗೆ ಈ ಹೆಸರು ತಮಾಷೆಯಾಗಿ ಕೇಳುತ್ತದೆ. ನಮ್ಮಲ್ಲಿ ‘ಒಲ್ಲೆ’ ಎಂದರೆ ಬೇಡವೆನ್ನುವುದು. ಕೊರಿಯದವರ ಕಿವಿಗೆ ಅದು ತೀರ ವಿರುದ್ಧ. ‘ಜೇಜು ಒಲ್ಲೆ’ ಎಂದರೆ ‘ಜೇಜುವಿಗೆ ಬರುತ್ತೀಯಾ?’ ಎಂದು ಕರೆದಂತೆಯೂ ಕೇಳುತ್ತದೆಯಂತೆ. ಆ ಓಣಿಯ ಬಾಯಲ್ಲಿ ಹಿಂದೆ ಬಾಗಿಲ ಬದಲು ಎರಡು ಕಲ್ಲುಗಂಬ ನೆಟ್ಟು, ಅವುಗಳ ತೂತುಗಳಲ್ಲಿ ಮೂರು ಗಳುಗಳನ್ನು ಅಡ್ಡಲಾಗಿ ತೂರಿಸುತ್ತಿದ್ದರು. ಮೂರನ್ನೂ ಕೆಳಗಿಳಿಸಿದ್ದರೆ ಮನೆಯವರು ಇದ್ದಾರೆ. ಒಂದನ್ನು ಹಾಕಿದ್ದರೆ ಹತ್ತಿರದಲ್ಲೇ ಹೋಗಿದ್ದಾರೆ. ಮೂರನ್ನೂ ಹಾಕಿದ್ದರೆ ದೂರ ಹೋಗಿದ್ದಾರೆ. ನಮ್ಮ ಮಲೆನಾಡಿನ ಉಣುಗೋಲನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾದುದಿಲ್ಲ.

ಈ ದ್ವೀಪದಲ್ಲಿ ಹುಟ್ಟಿದ ಸೋ ಮ್ಯೊಂಗ್ ಸೂಕ್ ಎಂಬಾಕೆ ರಾಜಧಾನಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿ ಪತ್ರಿಕೋದ್ಯೋಗಿಯಾಗಿದ್ದರು. ದಣಿದು ಕೆಲಸ ಬಿಟ್ಟು, ೨೦೦೬ರಲ್ಲಿ ಸ್ಪೇನ್ ದೇಶದ ಸಾಂತಿಯಾಗೋ ಎಂಬ ಪುಣ್ಯಕ್ಷೇತ್ರಕ್ಕೆ ಹೋಗುವ ಸುಮಾರು ೮೦೦ ಕಿಲೋಮೀಟರಿನ ಹಳೆಯ ಯಾತ್ರಾಮಾರ್ಗವನ್ನು ಕಾಲ್ನಡಿಗೆಯಲ್ಲಿ ಮುಗಿಸಿದರು. ಇಂಥ ದಾರಿ ನನ್ನ ಊರಿಗೂ ಏಕೆ ಬೇಡ ಎಂಬ ಯೋಚನೆಯೊಂದಿಗೆ ಹಿಂದಿರುಗಿದರು. ೨೦೦೭ರ ಸೆಪ್ಟೆಂಬರಿನಲ್ಲಿ ದ್ವೀಪದ ಪೂರ್ವ ಭಾಗದಲ್ಲಿ ಮೊದಲನೆಯ ಮಾರ್ಗ ತೆರೆಯಿತು. ಉದ್ದ ಸುಮಾರು ೧೫ ಕಿಲೋಮೀಟರು. ಅನಂತರ ಒಂದು ಊರಿನಿಂದ ಮುಂದಿನ ಊರಿಗೆ, ಅಲ್ಲಿಂದ ಅದರ ಮುಂದಿನ ಊರಿಗೆ, ಹೀಗೆ ಕೊಂಡಿಗೆ ಕೊಂಡಿ ಸೇರುತ್ತ ಹೋಗಿ ೨೦೧೨ರ ನವೆಂಬರಿನಲ್ಲಿ ದ್ವೀಪವನ್ನು ಒಂದು ಸುತ್ತು ಸುತ್ತಿತು. ಅಕ್ಕಪಕ್ಕದ ಸಣ್ಣ ನಡುಗಡ್ಡೆಗಳ ದಾರಿಗಳೂ ಸೇರಿ ಈಗ ೨೭ ಮಾರ್ಗಗಳು, ಒಟ್ಟು ೪೩೭ ಕಿಲೋಮೀಟರು.

ಉದ್ದವನ್ನು ನೋಡಿ ಬೆರಗಾಗುವುದಕ್ಕಿಂತ ಅವರು ಕೆಲಸ ಮಾಡಿದ ರೀತಿಯನ್ನು ನೋಡುವುದು ಒಳ್ಳೆಯದು. ಅವರು ಹೊಸ ದಾರಿಯನ್ನು ಕಡಿಯುವುದಕ್ಕೆ ಮೊದಲು ಹಳೆಯದನ್ನು ಹುಡುಕಿದರು. ಮುಚ್ಚಿಹೋದ ಓಣಿ, ಬೆಸ್ತರು ಬಲೆ ಹೊತ್ತು ನಡೆದ ದಂಡೆ, ಕುದುರೆ ಮೇಯುವ ಗುಡ್ಡದ ಜಾಡು, ಇವನ್ನು ಊರಿನ ಹಿರಿಯರನ್ನು ಕೇಳಿ ಗುರುತಿಸಿ, ನಡುವೆ ಕಡಿದುಹೋದಲ್ಲಿ ಮಾತ್ರ ಜೋಡಿಸಿದರು. ದೊಡ್ಡ ಯಂತ್ರಗಳನ್ನು ತರಲಿಲ್ಲ. ಏಳನೆಯ ಮಾರ್ಗದಲ್ಲಿ ಸಮುದ್ರದ ಬಂಡೆಯ ಮಗ್ಗುಲಿಗೆ ಆಡುಗಳು ಓಡಾಡುತ್ತಿದ್ದ ಇಳಿಜಾರೊಂದಿತ್ತು. ಒಬ್ಬ ಕಾರ್ಯಕರ್ತನು ಗುದ್ದಲಿ, ಸಲಿಕೆಗಳನ್ನು ಹಿಡಿದು ಅಲ್ಲಿ ಮನುಷ್ಯರು ನಡೆಯುವ ಹಾಗೆ ದಾರಿ ಬಿಡಿಸಿದನು. ಆ ತುಂಡು ದಾರಿಗೆ ಅವನ ಹೆಸರೇ ನಿಂತಿದೆ.

ದಾರಿ ತೋರಿಸುವ ಗುರುತುಗಳೂ ಸರಳವೇ. ಮರದ ಕೊಂಬೆಗೆ, ಕಂಬಕ್ಕೆ ಎರಡು ಬಣ್ಣದ ಪಟ್ಟಿ ಕಟ್ಟುತ್ತಾರೆ: ನೀಲಿ ಮತ್ತು ಕಿತ್ತಳೆ. ನೀಲಿ ಅವರ ಸಮುದ್ರದ್ದು, ಕಿತ್ತಳೆ ಅವರ ತೋಟದ್ದು. ಮುಂದೆ ಹೋಗುವವರಿಗೆ ನೀಲಿ ಬಾಣ, ಎದುರು ದಿಕ್ಕಿನಿಂದ ಬರುವವರಿಗೆ ಕಿತ್ತಳೆ ಬಾಣ. ತಿರುವುಗಳಲ್ಲಿ ಆ ದ್ವೀಪದ ಗಿಡ್ಡ ಕುದುರೆಯ ಆಕಾರದ ಗುರುತು. ಓದುಬರಹ ಬಾರದವರೂ ತಪ್ಪದೆ ನಡೆಯಬಹುದು.

ಎಲ್ಲವೂ ಸುಗಮವಾಗಿಯೇ ನಡೆಯಿತೆಂದಲ್ಲ. ಕೆಲವು ಕಡೆ ನೆಲದ ಒಡೆಯರು ಒಪ್ಪಲಿಲ್ಲ. ಅಲ್ಲಿ ದಾರಿಯನ್ನು ಬದಲಾಯಿಸಬೇಕಾಯಿತು. ನಡೆಯುವವರು ಹೆಚ್ಚಿದಂತೆ ಗುಡ್ಡದ ಹುಲ್ಲು ಸವೆದು ಮಣ್ಣು ಕೊರೆಯತೊಡಗಿತು. ಅದಕ್ಕಾಗಿ ೨೦೧೫ರಲ್ಲಿ ಹತ್ತನೆಯ ಮಾರ್ಗಕ್ಕೆ ಒಂದು ವರ್ಷದ ವಿಶ್ರಾಂತಿಯನ್ನೇ ಕೊಟ್ಟರು. ಬೀಳುಬಿಟ್ಟ ಹೊಲ ಮರಳಿ ಸಾರ ಪಡೆಯುವ ಹಾಗೆ, ದಾರಿಯೂ ಬೀಳುಬಿದ್ದು ಚೇತರಿಸಿಕೊಳ್ಳುತ್ತದೆ. ಇವೆಲ್ಲಕ್ಕಿಂತ ದುಃಖದ ಸಂಗತಿಯೊಂದು ನಡೆಯಿತು. ೨೦೧೨ರ ಜುಲೈ ತಿಂಗಳಲ್ಲಿ ಮೊದಲನೆಯ ಮಾರ್ಗದಲ್ಲಿ ಒಂಟಿಯಾಗಿ ನಡೆಯುತ್ತಿದ್ದ ಹೆಂಗಸೊಬ್ಬಳ ಕೊಲೆಯಾಯಿತು. ಕೆಲವು ಕಾಲ ಆ ಮಾರ್ಗವನ್ನು ಮುಚ್ಚಿದರು. ಒಬ್ಬೊಬ್ಬರೇ ಹೋಗದೆ ಜೊತೆಗೂಡಿ ಹೋಗಿರಿ, ಸಂಜೆಗೆ ಮುನ್ನ ನಡಿಗೆ ಮುಗಿಸಿರಿ ಎಂಬ ತಿಳುವಳಿಕೆಯ ಮಾತು ಅಲ್ಲಿಂದ ಬಲವಾಯಿತು. ದಾರಿ ಮಾಡುವವರು ಮನೆ ಕಣ್ಣಿಗೆ ಬೀಳುವಲ್ಲಿ, ಜನ ಕೆಲಸ ಮಾಡುವಲ್ಲಿ ದಾರಿಯನ್ನು ಒಯ್ಯಬೇಕೆಂಬ ಪಾಠ ಇದರಲ್ಲಿದೆ.

ನಕಾಶೆಯಲ್ಲಿ ಮಲಗಿರುವ ದಾರಿ

ಇನ್ನು ನಮ್ಮ ನಾಡಿಗೆ ಬರೋಣ. ಜೇಜುವಿನವರು ಹಿರಿಯರ ನೆನಪಿನಲ್ಲಿ ಹುಡುಕಿದ್ದನ್ನು ನಾವು ಕಾಗದದಲ್ಲಿಯೂ ಹುಡುಕಬಹುದು. ನಮ್ಮ ಪ್ರತಿಯೊಂದು ಕಂದಾಯ ಗ್ರಾಮಕ್ಕೂ ಸರ್ವೆ ಇಲಾಖೆಯ ಗ್ರಾಮ ನಕಾಶೆ ಇದೆ. ಅದರಲ್ಲಿ ಕೆರೆ, ಹಳ್ಳ, ಗುಂಡುತೋಪು, ಸರ್ವೆ ನಂಬರುಗಳ ಗಡಿ ಎಲ್ಲ ಕಾಣುತ್ತವೆ. ಚುಕ್ಕೆಚುಕ್ಕೆಯ ಒಂಟಿ ಗೆರೆ ಕಾಲುದಾರಿ. ಜೋಡಿ ಗೆರೆ ಬಂಡಿದಾರಿ. ಹಳ್ಳಿಯವರು ‘ನಕಾಶೆ ಕಂಡ ದಾರಿ’ ಎನ್ನುವುದು ಇದನ್ನೇ. ಈ ನಕಾಶೆಗಳ ಪ್ರತಿಯನ್ನು ಸರ್ವೆ ಕಚೇರಿಯಲ್ಲಿ ಪಡೆಯಬಹುದು. ಈಗ ಇಲಾಖೆಯ ಜಾಲತಾಣದಲ್ಲಿಯೂ ಸಿಗುತ್ತವೆ. ನಿಂತ ಜಾಗದ ಸರ್ವೆ ನಂಬರು ಯಾವುದೆಂದು ಕೈಯಲ್ಲಿರುವ ಫೋನಿನಲ್ಲಿಯೇ ತಿಳಿಸುವ ‘ದಿಶಾಂಕ್’ ಎಂಬ ಸಾಧನವೂ ಇದೆ.

ನಕಾಶೆಯಲ್ಲಿ ದಾರಿ ಕಂಡರೆ ಅರ್ಧ ಕೆಲಸ ಆದಂತೆ. ಏಕೆಂದರೆ ಕರ್ನಾಟಕ ಭೂಕಂದಾಯದ ೧೯೬೪ರ ಅಧಿನಿಯಮದ ೬೭ನೆಯ ಪ್ರಕರಣದಂತೆ ಸಾರ್ವಜನಿಕ ರಸ್ತೆ, ಬೀದಿ, ಓಣಿ, ಹಾದಿಗಳೆಲ್ಲ ಸರಕಾರದ ಸ್ವತ್ತು. ಸರ್ವೆಯ ಲೆಕ್ಕದಲ್ಲಿ ‘ಖರಾಬು’ ಎಂಬ ಮಾತನ್ನು ನೀವು ಪಹಣಿಯಲ್ಲಿ ಕಂಡಿರಬಹುದು. ಅದರಲ್ಲಿ ಎರಡು ಬಗೆ. ಬಂಡೆ, ಗುಂಡಿ ಮುಂತಾಗಿ ಉಳುಮೆಗೆ ಬಾರದ್ದು ‘ಅ’ ಖರಾಬು. ದಾರಿ, ಹಳ್ಳ, ಸ್ಮಶಾನ ಮುಂತಾಗಿ ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟದ್ದು ‘ಬ’ ಖರಾಬು. ಈ ಎರಡನೆಯದು ಹೊಲದ ನಡುವೆ ಇದ್ದರೂ ಹೊಲದವನದಲ್ಲ. ಅಂಥ ದಾರಿಯನ್ನು ಯಾರಾದರೂ ಮುಚ್ಚಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಿ ಬಿಡಿಸಿಕೊಳ್ಳಲು ಊರವರಿಗೆ ಆಧಾರವಿದೆ.

ಆದರೆ ಜನ ನಡೆದದ್ದೆಲ್ಲ ನಕಾಶೆಗೆ ಏರಿಲ್ಲ. ಅಳತೆಯವರು ಬಂದ ಕಾಲದಲ್ಲಿ ಇಲ್ಲದ ಶಾಲೆ ಆಮೇಲೆ ಬಂದಿರುತ್ತದೆ. ಅದಕ್ಕೆ ಹೋಗುವ ದಾರಿಯೂ ಆಮೇಲೆ ಬಿದ್ದಿರುತ್ತದೆ. ಆದ್ದರಿಂದ ದಾರಿ ಮಾಡಹೊರಟವರು ಮೊದಲು ಮಾಡಬೇಕಾದ ಕೆಲಸ ಒಂದೇ: ಎರಡೂ ಊರಿನ ಹಿರಿಯರನ್ನು, ದನ ಕಾಯುವವರನ್ನು, ದಿನವೂ ನಡೆಯುವ ಹೆಂಗಸರನ್ನು ಕರೆದುಕೊಂಡು, ನಕಾಶೆ ಹಿಡಿದು, ಈ ತುದಿಯಿಂದ ಆ ತುದಿಗೆ ನಡೆಯುವುದು. ನಡೆಯುತ್ತ ದಾರಿಯನ್ನು ಮೂರು ಪಾಲು ಮಾಡಿ ಬರೆದುಕೊಳ್ಳಬೇಕು. ಸರಕಾರದ ಅಥವಾ ಪಂಚಾಯತಿಯ ನೆಲದಲ್ಲಿರುವುದು ಒಂದು ಪಾಲು. ಅರಣ್ಯದ ನೆಲದಲ್ಲಿರುವುದು ಇನ್ನೊಂದು, ಅದಕ್ಕೆ ಆ ಇಲಾಖೆಯ ಅನುಮತಿ ಬೇಕು. ಖಾಸಗಿಯವರ ಹೊಲ, ತೋಟದಲ್ಲಿರುವುದು ಮೂರನೆಯದು. ಕಷ್ಟವಿರುವುದು ಈ ಮೂರನೆಯದರಲ್ಲಿ.

ನೆಲದ ಒಡೆಯನ ಅಂಜಿಕೆ

ಹೊಲದವನು ದಾರಿ ಬಿಡಲು ಹಿಂಜರಿಯುವುದು ಬರಿಯ ಹಟದಿಂದಲ್ಲ. ‘ಇಂದು ನಡೆಯಲು ಬಿಟ್ಟರೆ ನಾಳೆ ಬಂಡಿ ಬರುತ್ತದೆ, ನಾಡಿದ್ದು ಲಾರಿ ಬರುತ್ತದೆ, ಕೊನೆಗೆ ನನ್ನ ನೆಲವೇ ಹೋಗುತ್ತದೆ’ ಎಂಬುದು ಅವನ ಅಂಜಿಕೆ. ಕಾಯಿದೆಯನ್ನು ನೋಡಿದರೆ ಆ ಅಂಜಿಕೆಗೆ ಕಾರಣವಿದೆಯೆಂದೇ ಹೇಳಬೇಕು. ೧೮೮೨ರ ಈಸ್‌ಮೆಂಟ್ ಕಾಯಿದೆ, ಅಂದರೆ ಅನುಭೋಗದ ಹಕ್ಕುಗಳ ಕಾಯಿದೆ, ಅದರ ೧೫ನೆಯ ಪ್ರಕರಣದಲ್ಲಿ ಹೀಗೆ ಹೇಳುತ್ತದೆ: ಒಬ್ಬನು ಇನ್ನೊಬ್ಬನ ನೆಲದ ಮೇಲೆ ಬಹಿರಂಗವಾಗಿ, ಜಗಳವಿಲ್ಲದೆ, ತನ್ನ ಹಕ್ಕೆಂದು ಭಾವಿಸಿ, ತಡೆಯಿಲ್ಲದೆ ೨೦ ವರ್ಷ ದಾರಿಯನ್ನು ಅನುಭವಿಸಿದರೆ ಆ ದಾರಿಯ ಹಕ್ಕು ಅವನಿಗೆ ಸ್ಥಿರವಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ದಯವಿಟ್ಟು ಗಮನಿಸಿ. ಇದೇ ಪ್ರಕರಣದ ವಿವರಣೆಯಂತೆ, ಒಡೆಯನೊಡನೆ ಕರಾರು ಮಾಡಿಕೊಂಡು, ಇದು ಅನುಭೋಗದ ಹಕ್ಕಾಗಿ ಕೊಟ್ಟದ್ದಲ್ಲವೆಂದು ಕರಾರಿನಿಂದಲೇ ಸ್ಪಷ್ಟವಾಗಿದ್ದರೆ, ಎಷ್ಟು ವರ್ಷ ನಡೆದರೂ ಆ ನಡಿಗೆ ಲೆಕ್ಕಕ್ಕೆ ಬಾರದು. ಬಾಯಿಮಾತಿನಲ್ಲಿ ‘ಹೋಗಲಿ ಬಿಡಿ’ ಎಂದವನಿಗೆ ಅಪಾಯವಿರಬಹುದು, ಬರೆದುಕೊಟ್ಟವನಿಗೆ ರಕ್ಷಣೆಯಿದೆ. ಹೀಗಿರುವಾಗ ಊರವರೇ ಮುಂದಾಗಿ ಒಡೆಯನ ಮುಂದೆ ಕಾಗದ ಇಡುವುದು ಉತ್ತಮ. ದಾರಿ ಎಲ್ಲಿ ಹೋಗುತ್ತದೆ, ಅಗಲ ಎಷ್ಟು, ನಡೆಯುವವರಿಗೆ ಮಾತ್ರವೇ, ಬಿತ್ತನೆ ಕೊಯ್ಲುಗಳ ಕಾಲದಲ್ಲಿ ಬದುವಿನ ಮೇಲೆ ಸರಿಸಬಹುದೆ, ಎಷ್ಟು ವರ್ಷಕ್ಕೊಮ್ಮೆ ಕರಾರನ್ನು ಹೊಸದು ಮಾಡಬೇಕು, ಬೇಲಿ ಕೆಟ್ಟರೆ ಕಟ್ಟಿಕೊಡುವವರು ಯಾರು, ಇಷ್ಟನ್ನು ತಿಳಿಗನ್ನಡದಲ್ಲಿ ಒಂದು ಪುಟದಲ್ಲಿ ಬರೆಯಬಹುದು. ವಕೀಲರೊಬ್ಬರಿಗೆ ಒಮ್ಮೆ ತೋರಿಸಿಕೊಂಡರೆ ಮತ್ತೂ ಒಳ್ಳೆಯದು.

ಈ ಕೊಡುಕೊಳ್ಳುವಿಕೆಯನ್ನು ಇಂಗ್ಲೆಂಡು, ವೇಲ್ಸ್ ನಾಡುಗಳು ಬಹುಕಾಲದಿಂದ ರೂಢಿಸಿಕೊಂಡಿವೆ. ಅಲ್ಲಿ ಸಾರ್ವಜನಿಕರಿಗೆ ಹಕ್ಕಿರುವ ಹಾದಿಗಳ ಉದ್ದ ಸುಮಾರು ೨,೨೫,೦೦೦ ಕಿಲೋಮೀಟರು. ಅವುಗಳಲ್ಲಿ ಬಹುಪಾಲು ಖಾಸಗಿಯವರ ಹೊಲಗಳ ಮೂಲಕವೇ ಹಾಯುತ್ತವೆ. ೧೯೪೯ರ ಕಾಯಿದೆಯಂತೆ ಸ್ಥಳೀಯ ಮಂಡಳಿಗಳು ಇವನ್ನು ನಕಾಶೆಯಲ್ಲಿ ಬರೆದಿಡತೊಡಗಿದವು. ನೆಲ ಒಡೆಯನದೇ, ಜನರಿಗೆ ಇರುವುದು ಹಾದುಹೋಗುವ ಹಕ್ಕು ಮಾತ್ರ. ಹೊಲದ ನಡುವೆ ಹಾಯುವ ಕಾಲುದಾರಿಯನ್ನು ರೈತನು ಬೇಸಾಯಕ್ಕಾಗಿ ಉಳಬಹುದು. ಆದರೆ ಆ ಬೆಳೆಗಾಗಿ ಮೊದಲ ಸಲ ಉತ್ತ ೧೪ ದಿನದೊಳಗೆ ದಾರಿಯನ್ನು ತಿರುಗಿ ಸರಿಮಾಡಿಕೊಡಬೇಕು. ಬೇಲಿ ಇರುವಲ್ಲಿ ಹತ್ತಿ ಇಳಿಯುವ ಮೆಟ್ಟಿಲು ಇಡುತ್ತಾರೆ. ದನ ದಾಟಬಾರದು, ಮನುಷ್ಯ ದಾಟಬೇಕು ಎಂಬುದಕ್ಕೆ ನಮ್ಮ ಮಲೆನಾಡಿನವರು ‘ತಡಬೆ’ಯನ್ನು ಕಟ್ಟುತ್ತಿದ್ದುದೂ ಇದೇ ಯುಕ್ತಿಯಿಂದ.

ಪಟ್ಟಣದ ಓದುಗರಿಗೆ

ಈಗ ನಿಮ್ಮ ಮಾತಿಗೆ ಬರುತ್ತೇನೆ. ಪಟ್ಟಣದಲ್ಲಿ ಮನೆ ಮಾಡಿಕೊಂಡು ರೇಡಿಯೋ ಕೇಳುತ್ತಿರುವ ನಮ್ಮಲ್ಲಿ ಬಹಳ ಮಂದಿಗೆ ಹಳ್ಳಿಯಲ್ಲಿ ಪಿತ್ರಾರ್ಜಿತವಾದ ಒಂದೆರಡು ಎಕರೆ ಇದೆ. ಕೆಲವರು ಹೊಸದಾಗಿ ಕೊಂಡಿದ್ದಾರೆ. ನಾವು ಅಲ್ಲಿ ವಾಸವಿಲ್ಲ. ವರ್ಷಕ್ಕೊಮ್ಮೆ ಜಾತ್ರೆಗೋ ಹಬ್ಬಕ್ಕೋ ಹೋಗಿ ಬರುತ್ತೇವೆ. ಒತ್ತುವರಿಯಾದೀತೆಂಬ ಭಯದಿಂದ ಬೇಲಿ ಹಾಕಿಸುತ್ತೇವೆ. ಬೇಲಿ ಹಾಕುವ ಗುತ್ತಿಗೆದಾರನು ಗಡಿಕಲ್ಲಿನಿಂದ ಗಡಿಕಲ್ಲಿಗೆ ಒಂದೇ ಸಮನೆ ತಂತಿ ಎಳೆದು, ಹಣ ಪಡೆದು ಹೋಗುತ್ತಾನೆ. ನಡುವೆ ಒಂದು ಕಾಲುದಾರಿ ಹಾಯುತ್ತಿತ್ತೆಂಬುದನ್ನು ಅವನು ಕೇಳಲಿಲ್ಲ, ನಾವು ಹೇಳಲಿಲ್ಲ. ಆ ದಾರಿಯಲ್ಲಿ ನಡೆದು ಬರುತ್ತಿದ್ದ ಹುಡುಗಿ ಮರುದಿನದಿಂದ ರಸ್ತೆಯ ಸುತ್ತು ಹಾದಿ ಹಿಡಿಯಬೇಕು. ಮನೆಯವರಿಗೆ ಅದು ದೂರವೆನಿಸಿದರೆ, ಭಯವೆನಿಸಿದರೆ, ಅವಳ ಓದು ನಿಲ್ಲುವುದಕ್ಕೆ ಬೇರೆ ಕಾರಣ ಬೇಕಾಗುವುದಿಲ್ಲ. ಊರಲ್ಲಿರುವ ಒಡೆಯನಾದರೆ ಜನ ಅವನ ಜಗುಲಿಗೆ ಹೋಗಿ ಕೇಳಿಕೊಳ್ಳಬಹುದು. ದೂರದಲ್ಲಿರುವ ನಮ್ಮನ್ನು ಕೇಳುವವರಾರು?

ನಾವು ಬಿಟ್ಟುಕೊಡಬೇಕಾದುದು ಎಷ್ಟೆಂದು ಲೆಕ್ಕ ಹಾಕಿ ನೋಡಿ. ತಲೆಹೊರೆ ಹೊತ್ತ ಒಬ್ಬರು ನಡೆಯಲು ೩ ಅಡಿ ಅಗಲ ಸಾಕು. ಹೊಲ ೩೩೦ ಅಡಿ ಉದ್ದವಿದ್ದರೆ ದಾರಿಗೆ ಹೋಗುವುದು ೯೯೦ ಚದರ ಅಡಿ. ಒಂದು ಗುಂಟೆಯೆಂದರೆ ೧,೦೮೯ ಚದರ ಅಡಿ. ಎಕರೆಗೆ ೪೦ ಗುಂಟೆ. ಅಂದರೆ ಒಂದು ಗುಂಟೆಯೂ ಪೂರ್ತಿ ಹೋಗಲಿಲ್ಲ. ದಾರಿಯನ್ನು ಬದುವಿನ ಮೇಲೆಯೇ ಒಯ್ದರೆ ಉಳುವ ನೆಲದಲ್ಲಿ ಅಷ್ಟೂ ಹೋಗುವುದಿಲ್ಲ. ಬೇಲಿಗೆ ಎರಡು ಕಡೆ ತಡಬೆ ಇಡಿಸಿದರೆ ದನ ಹೊರಗೆ, ಜನ ಒಳಗೆ. ದಿನವೂ ನಾಲ್ಕು ಮಂದಿ ಹಾಯುವ ಹೊಲದಲ್ಲಿ ಏನಾದರೂ ಕಳವಾದರೆ, ಬೆಂಕಿ ಬಿದ್ದರೆ ಅದನ್ನು ಕಂಡು ತಿಳಿಸುವವರೂ ಅವರೇ ಅಲ್ಲವೆ?

ನೀರು, ಸಂಕ, ನೆರಳು

ಒಪ್ಪಿಗೆ ದೊರೆತ ಮೇಲೆ ಕೈಕೆಲಸ. ಮಣ್ಣಿನ ದಾರಿಗೆ ಮೊದಲ ಶತ್ರು ನೀರು. ಇಳಿಜಾರಿನಲ್ಲಿ ನೇರ ಇಳಿಸಿದ ದಾರಿ ಎರಡು ಮಳೆಗಾಲದಲ್ಲಿ ಕೊರಕಲಾಗುತ್ತದೆ. ಅದಕ್ಕೇ ಹಳಬರು ಗುಡ್ಡವನ್ನು ಓರೆಯಾಗಿ ಸುತ್ತಿ ಹತ್ತಿಸುತ್ತಿದ್ದರು. ದಾರಿಯ ಮೈ ತಗ್ಗಿನ ಕಡೆಗೆ ಸ್ವಲ್ಪ ವಾಲಿರಬೇಕು. ಅಲ್ಲಲ್ಲಿ ದಾರಿಗೆ ಅಡ್ಡಲಾಗಿ, ಓರೆಯಾಗಿ ಕಲ್ಲುಸಾಲನ್ನು ಹೂತರೆ ಹರಿದು ಬರುವ ನೀರು ಪಕ್ಕಕ್ಕೆ ತಿರುಗುತ್ತದೆ. ತೀರ ಕಡಿದಾದಲ್ಲಿ ಕಲ್ಲಿನ ಮೆಟ್ಟಿಲು. ಕಾಂಕ್ರೀಟು ಹಾಕಿಬಿಡೋಣವೆಂಬ ಆತುರ ಬೇಡ. ಅಗಲವಾಗಿ ಗಟ್ಟಿಮಾಡಿದ ದಾರಿಗೆ ವಾಹನ ಬಂದೇ ಬರುತ್ತದೆ. ಆಗ ಹೊಲದವನಿಗೆ ಕೊಟ್ಟ ಮಾತು ಮುರಿಯುತ್ತದೆ.

ಮಲೆನಾಡು, ಕರಾವಳಿಗಳಲ್ಲಿ ದಾರಿಯ ಭವಿಷ್ಯವನ್ನು ನಿರ್ಧರಿಸುವುದು ಹಳ್ಳ. ಅಡಕೆಯ ಮರ ಸೀಳಿ ಹಾಸಿದ ಕಾಲುಸಂಕ ಬೇಸಗೆಯಲ್ಲಿ ಚೆಂದ. ಮಳೆಗಾಲದಲ್ಲಿ ಜಾರುತ್ತದೆ, ನೆರೆ ಬಂದರೆ ತೇಲಿಹೋಗುತ್ತದೆ. ಈ ತೊಡಕನ್ನು ಬಿಡಿಸಿದವರಲ್ಲಿ ಸುಳ್ಯದ ಇಂಜಿನಿಯರ್ ಗಿರೀಶ ಭಾರದ್ವಾಜರ ಹೆಸರು ದೊಡ್ಡದು. ೧೯೮೯ರಲ್ಲಿ ಸುಳ್ಯದ ಬಳಿಯ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಊರವರ ನೆರವಿನಿಂದ ಅವರು ತೂಗುಸೇತುವೆಯನ್ನು ಕಟ್ಟಿದರು. ಅಲ್ಲಿಂದ ಮುಂದೆ ಕರ್ನಾಟಕದಲ್ಲಿಯೂ ನೆರೆಯ ರಾಜ್ಯಗಳಲ್ಲಿಯೂ ಅವರು ಕಟ್ಟಿದ ಇಂಥ ಕಾಲುಸೇತುವೆಗಳು ನೂರಕ್ಕೂ ಹೆಚ್ಚು. ೨೦೧೭ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಉಕ್ಕಿನ ಹಗ್ಗದಿಂದ ತೂಗಿದ, ನಡೆಯುವವರಿಗಷ್ಟೇ ಹಾಸಿದ ಸೇತುವೆಗೆ ದೊಡ್ಡ ಸೇತುವೆಯ ವೆಚ್ಚವೂ ಬೇಡ, ಅಷ್ಟು ಕಾಲವೂ ಬೇಡ. ಒಂದು ಹೊಳೆ ದಾಟಿಸಿದರೆ ಎರಡು ದಂಡೆಯ ಹತ್ತಾರು ದಾರಿಗಳು ತಾವಾಗಿ ಜೀವಂತವಾಗುತ್ತವೆ.

ಇನ್ನು ದಾರಿಯ ಅನುಕೂಲಗಳು. ಈ ವಿಷಯದಲ್ಲಿ ನಮ್ಮ ಹಿರಿಯರಿಂದಲೇ ಕಲಿಯುವುದು ಬಹಳವಿದೆ. ಸಾಲುಮರ, ಅರವಟ್ಟಿಗೆ, ಮರದ ಬುಡಕ್ಕೆ ಕಟ್ಟೆ, ಇನ್ನೊಬ್ಬರ ಸಹಾಯವಿಲ್ಲದೆ ತಲೆಹೊರೆ ಇಳಿಸಲು ಆಳೆತ್ತರದ ಕಲ್ಲು, ಇವೆಲ್ಲ ನಡೆಯುವವರ ಕಷ್ಟವನ್ನು ತಿಳಿದವರು ಮಾಡಿದ ಏರ್ಪಾಡು. ಹೊಂಗೆ, ಬೇವು, ನೇರಳೆಗಳ ಸಸಿಯನ್ನು ಶಾಲೆಯ ಮಕ್ಕಳ ಕೈಯಿಂದಲೇ ನೆಡಿಸಿದರೆ ನೀರು ಹಾಕುವವರನ್ನು ಬೇರೆ ಹುಡುಕಬೇಕಾಗಿಲ್ಲ.

ದಾರಿ ಯಾರದು?

ಒಂದು ಮಾತನ್ನು ಮರೆಯಬಾರದು. ನಮ್ಮ ದೇಶದಲ್ಲಿ ದಾರಿ ಎಲ್ಲರಿಗೂ ಸಮನಾಗಿ ತೆರೆದಿರಲಿಲ್ಲ. ತಿರುವಾಂಕೂರಿನ ವೈಕ್ಕಂನಲ್ಲಿ ದೇವಸ್ಥಾನದ ಸುತ್ತಣ ಬೀದಿಗಳಲ್ಲಿ ನಡೆಯುವ ಹಕ್ಕೊಂದಕ್ಕಾಗಿಯೇ ೧೯೨೪ ಮತ್ತು ೧೯೨೫ರಲ್ಲಿ ಜನ ಸತ್ಯಾಗ್ರಹ ಮಾಡಿ ಸೆರೆಮನೆ ಸೇರಬೇಕಾಯಿತು. ನಮ್ಮ ಸಂವಿಧಾನದ ೧೫ನೆಯ ಅನುಚ್ಛೇದವು ಸರಕಾರದ ಹಣದಿಂದ ನಡೆಯುವ ಅಥವಾ ಸಾರ್ವಜನಿಕರಿಗೆ ಬಿಟ್ಟ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಬಳಕೆಯಲ್ಲಿ ಜಾತಿಮತಗಳ ಹೆಸರಿನಿಂದ ಯಾರನ್ನೂ ತಡೆಯಕೂಡದೆಂದು ವಿಧಿಸಿದೆ. ಹೊಸದಾಗಿ ದಾರಿ ಮಾಡುವವರಿಗೆ ಇದರ ಅರ್ಥ ಬರಿಯ ‘ತಡೆಯಬಾರದು’ ಎಂದಷ್ಟೇ ಆಗಬಾರದು. ದಾರಿ ಊರಿನ ಎಲ್ಲ ಕೇರಿಗಳ ಬಾಗಿಲಿಗೂ ಮುಟ್ಟಬೇಕು. ದಾರಿಯ ಮಾತು ಆಡುವ ಸಭೆಯಲ್ಲಿ ಎಲ್ಲ ಕೇರಿಯವರೂ ಕುಳಿತಿರಬೇಕು. ದಿನವೂ ಹೆಚ್ಚು ನಡೆಯುವವರು ಹೆಂಗಸರು, ಮಕ್ಕಳು. ಎಲ್ಲಿ ಭಯ, ಎಲ್ಲಿ ಜಾರು, ಎಲ್ಲಿ ನಾಯಿ ಎಂಬುದನ್ನು ಅವರು ಹೇಳಬಲ್ಲಂತೆ ಪಂಚಾಯತಿಯ ಅಧ್ಯಕ್ಷರೂ ಹೇಳಲಾರರು.

ಊರವರ ನಿರ್ಧಾರವನ್ನು ಗ್ರಾಮಸಭೆಯ ನಡವಳಿ ಪುಸ್ತಕದಲ್ಲಿ ಬರೆಸುವುದು ಅವಶ್ಯಕ. ೧೯೯೩ರ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮಸಭೆಗೆ ಮಾನ್ಯತೆ ಕೊಟ್ಟಿದೆ. ದಾರಿ ಎರಡು ಪಂಚಾಯತಿಗಳ ಗಡಿ ದಾಟುವುದಾದರೆ ಎರಡು ಸಭೆಗಳಲ್ಲಿಯೂ ನಿರ್ಣಯವಾಗಬೇಕು. ಇಲ್ಲವಾದರೆ ದಾರಿ ಗಡಿಕಲ್ಲಿನವರೆಗೆ ಬಂದು ನಿಂತುಬಿಡುತ್ತದೆ. ಅತ್ತ ಇರುವವರು ಇತ್ತಲವರನ್ನೂ, ಇತ್ತ ಇರುವವರು ಅತ್ತಲವರನ್ನೂ ದೂರುತ್ತ ಕುಳಿತುಕೊಳ್ಳುತ್ತಾರೆ.

ಕಾಪಾಡುವ ಬಗೆ

ದಾರಿಯನ್ನು ತೆರೆಯುವ ದಿನ ಹಾರ ತುರಾಯಿಗಳಿಗೆ ಕೊರತೆಯಿರುವುದಿಲ್ಲ. ಮೂರನೆಯ ವರ್ಷ ಪೊದೆ ಸವರುವವರು ಯಾರೆಂಬುದೇ ಪ್ರಶ್ನೆ. ನಮ್ಮ ಬೇಸಾಯದಲ್ಲಿ ‘ಮುಯ್ಯಾಳು’ ಎಂಬ ಒಳ್ಳೆಯ ಪದ್ಧತಿಯಿದೆ. ನಿನ್ನ ಗದ್ದೆಗೆ ನಾನು ಒಂದು ದಿನ, ನನ್ನ ಗದ್ದೆಗೆ ನೀನು ಒಂದು ದಿನ. ಊರೂರಿನ ನಡುವೆಯೂ ಇದು ಸಾಧ್ಯ. ಮಳೆ ನಿಂತು ದಸರೆ ಬರುವ ಮೊದಲು ಒಂದು ದಿನ ಎರಡೂ ಊರಿನವರು ತಮ್ಮ ತಮ್ಮ ತುದಿಯಿಂದ ಕತ್ತಿ ಗುದ್ದಲಿ ಹಿಡಿದು ಹೊರಟು, ನಡುವೆ ಕೂಡಿ, ಅಲ್ಲಿ ಒಟ್ಟಿಗೆ ಉಂಡು ಹಿಂದಿರುಗಲಿ. ಯಾವ ತುಂಡು ಯಾವ ಮನೆಗಳ ಹೊಣೆ ಎಂಬುದು ಮೊದಲೇ ಗೊತ್ತಾಗಿರಲಿ. ದಿನವೂ ಜನ ನಡೆಯುವ ದಾರಿಯಲ್ಲಿ ಹುಲ್ಲು ಅಷ್ಟಾಗಿ ಬೆಳೆಯುವುದಿಲ್ಲ. ಆದ್ದರಿಂದ ಶಾಲೆ, ಸಂತೆ, ಆಸ್ಪತ್ರೆ, ಬಸ್ಸಿನ ನಿಲ್ದಾಣ, ಹೀಗೆ ದಿನದ ಕೆಲಸಕ್ಕೆ ಒದಗುವಂತೆ ಮಾಡಿದ ದಾರಿ, ಬರಿಯ ನೋಟಕ್ಕಾಗಿ ಮಾಡಿದ ದಾರಿಗಿಂತ ಹೆಚ್ಚು ಕಾಲ ಬಾಳುತ್ತದೆ. ಹೊರಗಿನಿಂದ ನೋಡಲು ಬರುವವರು ಬಂದರೆ ಸಂತೋಷವೇ. ಆದರೆ ಅವರು ನಡೆಯುವುದು ಊರವರ ದಾರಿಯಲ್ಲಿ ಎಂಬ ಅರಿವು ಅವರಿಗಿರಬೇಕು.

ನೀವು ಮುಂದಿನ ಸಲ ಊರಿಗೆ ಹೋದಾಗ ಒಂದು ಬೆಳಗ್ಗೆ ಬಿಡುವು ಮಾಡಿಕೊಳ್ಳಿ. ನಿಮ್ಮ ದೊಡ್ಡಪ್ಪನನ್ನೋ ಅತ್ತೆಯನ್ನೋ ಮುಂದಿಟ್ಟುಕೊಂಡು, ಅವರು ಸಣ್ಣವರಾಗಿದ್ದಾಗ ನೆರೆಯೂರಿಗೆ ಹೋಗುತ್ತಿದ್ದ ದಾರಿ ಯಾವುದೆಂದು ಕೇಳಿ, ಅವರೊಡನೆ ಆದಷ್ಟು ದೂರ ನಡೆದು ನೋಡಿ. ದಾರಿ ಎಲ್ಲಿ ಕಡಿದಿದೆ, ಯಾರ ಬೇಲಿಗೆ ತಾಗಿ ನಿಂತಿದೆ ಎಂಬುದನ್ನು ಬರೆದುಕೊಳ್ಳಿ. ಆ ಬೇಲಿ ನಿಮ್ಮದೇ ಆಗಿದ್ದರೆ ಕೆಲಸ ಸುಲಭ. ಬಡಗಿಗೆ ಹೇಳಿ ಒಂದು ತಡಬೆ ಇಡಿಸಿ. ಬೇರೆಯವರದಾದರೆ ಅವರ ವಿಳಾಸ ಕೇಳಿಕೊಂಡು ಬನ್ನಿ. ಅವರೂ ಬಹುಶಃ ನಿಮ್ಮ ಪಟ್ಟಣದಲ್ಲಿಯೇ ಎಲ್ಲೋ ನಾಲ್ಕು ಬೀದಿಯಾಚೆ ಇದ್ದಾರು. ಹಳ್ಳಿಯವರು ಹುಡುಕಿಕೊಂಡು ಬರಲಾರದ ಆ ಮನೆಗೆ ನೀವು ಸಂಜೆ ಹೋಗಿ, ಕುಳಿತು, ಈ ಲೆಕ್ಕವನ್ನೆಲ್ಲ ಸಮಾಧಾನವಾಗಿ ಹೇಳಬಹುದು.